ಮೂರು ತಾಲೂಕಿನಲ್ಲಿ ಅಡ್ಡಿಲ್ಲೆ ಅಂದವನು

ನಾನು ವಕೀಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ದಿನಚರಿ ನೋಡಿದವರು ನನ್ನನ್ನು ಹೋಟೆಲು ತಪಾಸಣೆ ಮಾಡುವವನು ಅಂದುಕೊಳ್ಳುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕೋರ್ಟುಗಳಲ್ಲಿ ನನ್ನ ಕೇಸುಗಳಿವೆ. ಮೂರೂ ಕಡೆಯವನ್ನು ಒಟ್ಟುಮಾಡಿದರೂ ಒಬ್ಬ ಒಳ್ಳೆಯ ವಕೀಲನ ಒಂದು ಬೆಳಗಿಗೆ ಸಾಕಾಗುವುದಿಲ್ಲ, ಆ ಮಾತು ಬೇರೆ. ಹೆಚ್ಚಿನವು ಅಣ್ಣತಮ್ಮಂದಿರ ಪಾಲಿನ ದಾವೆಗಳು. ಹನ್ನೊಂದಕ್ಕೆ ಕೂಗುತ್ತಾರೆ, ಹನ್ನೊಂದೂ ಐದಕ್ಕೆ ಮುಂದಿನ ತಾರೀಖು ಬೀಳುತ್ತದೆ. ಆಮೇಲೆ ಬಸ್ಸು ಬರುವತನಕ ಕರಿಕೋಟು ತೋಳಿನ ಮೇಲೆ ಹಾಕಿಕೊಂಡ ಮನುಷ್ಯ ಏನು ಮಾಡಬೇಕು? ನಾನು ತಿನ್ನುತ್ತೇನೆ.

ದೊಡ್ಡ ಹೋಟೆಲುಗಳು ನನಗೆ ಹಿಡಿಸುವುದಿಲ್ಲ. ಮೆನು ಕಾರ್ಡು ಕೈಗೆ ಕೊಟ್ಟರೆ ಕೇಸಿನ ಫೈಲು ಕೊಟ್ಟ ಹಾಗೆ ಆಗುತ್ತದೆ, ಓದಲು ಬೇಜಾರು. ನನಗೆ ನಾಲ್ಕು ಬೆಂಚಿನ ಹೋಟೆಲು ಬೇಕು. ಯಜಮಾನನೇ ಎದುರು ನಿಂತು "ಬನ್ಸ್ ಇದೆ, ಅವಲಕ್ಕಿ ಇದೆ, ಇಡ್ಲಿ ಖಾಲಿ" ಅಂತ ಬಾಯಲ್ಲಿ ಹೇಳಬೇಕು. ಇಂಥ ಜಾಗಗಳು ಮೂರೂ ಪೇಟೆಯಲ್ಲಿ ಎಲ್ಲೆಲ್ಲಿವೆ, ಯಾವ ವಾರ ಯಾವುದು ಬಿಸಿ ಸಿಗುತ್ತದೆ ಎಂಬುದು ನನಗೆ ಬಾಯಿಪಾಠ. ಬಾರ್ ರೂಮಿನಲ್ಲಿ ಕಿರಿಯ ವಕೀಲರು ಹಿರಿಯರ ಹತ್ತಿರ ಕಾನೂನಿನ ಪ್ರಶ್ನೆ ಕೇಳುತ್ತಾರೆ. ನನ್ನ ಹತ್ತಿರ ಬಂದು "ಸರ್, ಮಧ್ಯಾಹ್ನ ಎಲ್ಲಿ?" ಅನ್ನುತ್ತಾರೆ. ಇದನ್ನು ನಾನು ಬಹುಕಾಲ ಗೌರವ ಎಂದೇ ತಿಳಿದಿದ್ದೆ.

ನನ್ನ ನಾಲಿಗೆಯ ಬಗ್ಗೆ ನನಗೆ ಅಷ್ಟು ಜಂಬ. ಸಾಂಬಾರು ಬಾಯಿಗಿಟ್ಟರೆ ತೆಂಗಿನಕಾಯಿ ಇವತ್ತು ಒಡೆದದ್ದೋ ನಿನ್ನೆಯದೋ ಹೇಳಬಲ್ಲೆ. ಆದರೆ ನನ್ನ ನಾಲಿಗೆಗೆ ಒಂದು ದೊಡ್ಡ ಐಬು ಇದೆ. ರುಚಿ ಎಲ್ಲವನ್ನೂ ಹಿಡಿಯುತ್ತದೆ, ಹೊರಗೆ ಹೇಳುವಾಗ ಒಂದೇ ಒಂದು ಶಬ್ದ ಬರುತ್ತದೆ. ಅದು "ಅಡ್ಡಿಲ್ಲೆ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಇದನ್ನು "ಪರವಾಗಿಲ್ಲ" ಎಂದು ತಿಳಿದುಕೊಂಡು ಮೋಸಹೋಗುತ್ತಾರೆ. ಅಡ್ಡಿಲ್ಲೆ ಅಂದರೆ ಪರವಾಗಿಲ್ಲ ಹೌದು, ಚೆನ್ನಾಗಿದೆ ಹೌದು, ಇಂಥದ್ದು ಜನ್ಮದಲ್ಲಿ ಕಂಡಿಲ್ಲ ಎಂಬುದೂ ಹೌದು. ಜ್ವರ ಬಿಟ್ಟವನೂ ಅಡ್ಡಿಲ್ಲೆ, ಮಗ ಪರೀಕ್ಷೆಯಲ್ಲಿ ಮೊದಲ ನಂಬರು ಬಂದವನೂ ಅಡ್ಡಿಲ್ಲೆ. ಚೆನ್ನಾಗಿದೆ ಅನ್ನಲು ಚೊಲೋ ಎಂಬ ಶಬ್ದ ನಮ್ಮಲ್ಲಿ ಇಲ್ಲವೆಂದಲ್ಲ, ಬೇರೆಯವರು ಧಾರಾಳವಾಗಿಯೇ ಆಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಯಾರೂ ಹೊರಗೆ ತೆಗೆಯುತ್ತಿರಲಿಲ್ಲ, ತೆಗೆದರೆ ದೃಷ್ಟಿಯಾಗುತ್ತದೆ ಎಂಬಂತೆ. ನಾನು ಹುಡುಗಿ ನೋಡಿ ಬಂದ ದಿನ ಅಪ್ಪ "ಕೂಸು ಹ್ಯಾಂಗಿದ್ದು?" ಅಂತ ಕೇಳಿದ. ನಾನಾಗಲೇ ಮನಸ್ಸು ಪೂರ್ತಿ ಅಲ್ಲೇ ಬಿಟ್ಟು ಬಂದಿದ್ದೆ. "ಅಡ್ಡಿಲ್ಲೆ" ಅಂದೆ. ಅಪ್ಪನಿಗೆ ತಕ್ಷಣ ಅರ್ಥವಾಯಿತು, ಮರುದಿನವೇ ಮಾತುಕತೆಗೆ ಹೊರಟ. ಆ ಮಾತು ಹೇಗೋ ಹೆಂಡತಿಯ ಕಿವಿಗೂ ಬಿತ್ತು. ಇವತ್ತಿಗೂ ಜಗಳದ ನಡುವೆ ಅವಳು "ಅಡ್ಡಿಲ್ಲೆ ಹೇಳಿ ಮದುವೆ ಆದವು ನೀವು" ಅನ್ನುತ್ತಾಳೆ. ಆಗ ನಾನು ಪೇಪರು ಹುಡುಕುತ್ತೇನೆ.

ಹೋಟೆಲುಗಳಲ್ಲಿ ಇದರಿಂದ ನನಗೆ ಯಾವತ್ತೂ ತೊಂದರೆಯಾಗಿರಲಿಲ್ಲ. ಸಿದ್ದಾಪುರದಲ್ಲಿ ಕೋರ್ಟಿನಿಂದ ಕಾಲ್ನಡಿಗೆಯಲ್ಲೊಂದು ಹೋಟೆಲಿದೆ. ಅವಲಕ್ಕಿ ಮತ್ತು ಕಷಾಯ ಬಿಟ್ಟರೆ ಅಲ್ಲಿ ಇನ್ನೇನನ್ನೂ ಕೇಳಬಾರದು. ಯಜಮಾನರು ನಮ್ಮವರೇ. ನಾನು ತಿಂದು ಕೈ ತೊಳೆದು ಬರುವಾಗ "ಅಡ್ಡಿಲ್ಯ?" ಅನ್ನುತ್ತಾರೆ. ನಾನು "ಅಡ್ಡಿಲ್ಲೆ" ಅನ್ನುತ್ತೇನೆ. ಕೊನೆಯ ಅಕ್ಷರ ಎಷ್ಟು ಉದ್ದ ಹೋಯಿತು ಎಂಬುದರಿಂದಲೇ ಅವರು ಒಗ್ಗರಣೆ ಸೀದದ್ದನ್ನೋ ಸರಿಯಾದದ್ದನ್ನೋ ತಿಳಿದುಕೊಳ್ಳುತ್ತಾರೆ. ಯಲ್ಲಾಪುರದ ಚಾ ಅಂಗಡಿಯ ಸಾಹೇಬರು ಅದಕ್ಕೂ ಹುಷಾರು. ಅಪ್ಪನ ಕಾಲದಿಂದ ಅಡಿಕೆ ವ್ಯಾಪಾರಿಗಳಿಗೂ ಲಾರಿಯವರಿಗೂ ಚಾ ಕೊಟ್ಟವರು. "ವಕೀಲ್ ಸಾಬ್, ನಿಮ್ಮ ಊರಿನವರ ಹತ್ರ ಚಾ ಹೆಂಗಿದೆ ಅಂತ ನಾವು ಕೇಳೋದೇ ಇಲ್ಲ. ಇನ್ನೊಂದು ಕಪ್ ಹೇಳ್ತಾರಾ ನೋಡ್ತೀವಿ, ಅಷ್ಟೇ" ಅಂದಿದ್ದರು ಒಮ್ಮೆ. ನನಗೆ ನಗು ಬಂದಿತ್ತು. ಇನ್ನೊಂದು ಕಪ್ ಹೇಳಿದ್ದೆ.

ಹೀಗಿರುವಾಗ ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ಶಿರಸಿಯ ಹಿಂಬದಿಯ ಓಣಿಯೊಂದರಲ್ಲಿ ರೊಟ್ಟಿ ಖಾನಾವಳಿ ಸುರುವಾಯಿತು. ಬೋರ್ಡು ಇಲ್ಲ. ಬಾಗಿಲ ಹತ್ತಿರ ಒಲೆ, ಒಳಗೆ ಮೂರು ಟೇಬಲ್ಲು. ಹಾವೇರಿ ಕಡೆಯ ಗಂಡ ಹೆಂಡತಿ ನಡೆಸುತ್ತಿದ್ದರು. ಗಂಡನಿಗೆ ತರಕಾರಿ ತರುವ ಟೆಂಪೋ ಓಡಿಸುವ ಕೆಲಸ, ಹಗಲು ಹೊತ್ತು ಕಾಣುತ್ತಿರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ಬಡಿಸುವುದು, ಎಲ್ಲವೂ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಎಲ್ಲರೂ ಅಕ್ಕ ಅನ್ನುತ್ತಿದ್ದರಿಂದ ನಾನೂ ಅಕ್ಕ ಅಂದೆ.

ಮೊದಲ ದಿನ ಒಳಗೆ ಹೋದಾಗ "ಬರ್ರಿ ವಕೀಲ್ರ, ಕುಂದರ್ರಿ" ಅಂದರು. ಬಿಸಿ ಜೋಳದ ರೊಟ್ಟಿ, ಬದನೆಕಾಯಿಯ ಎಣಗಾಯಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ತಟ್ಟೆಯ ಅಂಚಿಗೆ ಒಂದು ಚಮಚ ಕೆಂಪು ಖಾರ. ನಾನು ತಣ್ಣನೆಯ ಮಜ್ಜಿಗೆ ತಂಬುಳಿ ಕುಡಿದು ಬೆಳೆದ ದೇಹ. ನಮ್ಮ ಮನೆಯಲ್ಲಿ ಸಾರಿಗೆ ಎರಡು ಮೆಣಸು ಹೆಚ್ಚಾದರೆ ಯಾರ ಮೇಲೋ ಸಿಟ್ಟಿರಬೇಕು ಅನ್ನುತ್ತಾರೆ. ಆ ಖಾರ ನಾಲಿಗೆಗೆ ತಾಗಿದ್ದೇ ಕಿವಿಯೊಳಗೆ ಶಬ್ದ ಕೇಳಿಸಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಆದರೆ ಕೈ ನಿಲ್ಲಲಿಲ್ಲ. ಎಣಗಾಯಿಯಲ್ಲಿ ಹುರಿದ ಶೇಂಗಾ, ಎಳ್ಳು, ಹುಣಸೆಹುಳಿ, ಇನ್ನೂ ಏನೋ ಒಂದು ನನಗೆ ಸಿಗದ ರುಚಿ ಇತ್ತು. ನನ್ನ ನಾಲಿಗೆಗೆ ಸಿಗದ್ದು! ಐದು ರೊಟ್ಟಿ ತಿಂದೆ. ಹೊರಗೆ ಬಂದು ಬೆಳ್ಳುಳ್ಳಿ ವಾಸನೆ ಹೋಗಲೆಂದು ಏಲಕ್ಕಿ ಅಗಿದೆ. ಮಧ್ಯಾಹ್ನ ಕೋರ್ಟಿನಲ್ಲಿ ನಾನು ಬಾಯಿ ಬಿಟ್ಟಾಗಲೆಲ್ಲ ಎದುರು ಪಕ್ಷದ ವಕೀಲರು ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ವಾದಕ್ಕೆ ಯಾರಾದರೂ ಹಿಂದೆ ಸರಿದದ್ದು ಅದೇ ಮೊದಲು.

ಏಳುವಾಗ ಅಕ್ಕ ಕೇಳಿದ್ದರು, "ಹೆಂಗಾಗೇತ್ರಿ ಅಡಗಿ?"

ನಾನು ತುಂಬಿದ ಮನಸ್ಸಿನಿಂದ, ಇದಕ್ಕಿಂತ ದೊಡ್ಡ ಬಿರುದು ನನ್ನಲ್ಲಿಲ್ಲ ಎಂಬ ಭಾವದಿಂದ, "ಅಡ್ಡಿಲ್ಲೆ" ಅಂದೆ.

ಅವರು "ಹೌದ್ರೀ" ಅಂದು ಒಲೆಯ ಕಡೆ ತಿರುಗಿದರು. ಆ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ನೋಡಿಯೂ ಬಿಸಿಲಿಗೆ ದಣಿದಿದ್ದಾರೆ ಅಂದುಕೊಂಡೆ.

ವಾರಕ್ಕೆ ಮೂರು ದಿನ ಹೋಗತೊಡಗಿದೆ. ಬಾರ್ ರೂಮಿನ ನಾಲ್ಕು ಜನರನ್ನೂ ಎಳೆದುಕೊಂಡು ಹೋದೆ. ಅವರೂ ಬೆವರು ಒರೆಸುತ್ತ ತಿಂದು, ಅಕ್ಕ ಕೇಳಿದಾಗ ಸಾಲಾಗಿ ಅಡ್ಡಿಲ್ಲೆ, ಅಡ್ಡಿಲ್ಲೆ ಅಂದು ಹೊರಬಿದ್ದರು. ಅಂಗಡಿಗೆ ನನ್ನಿಂದ ಎಂಥ ಉಪಕಾರವಾಗುತ್ತಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಹದಿನೈದು ದಿನ ಕಳೆದಿರಬೇಕು, ಖಾರ ಸಪ್ಪೆಯಾಯಿತು. ಮೆಣಸಿನಕಾಯಿ ಬೇರೆ ಬಂದಿರಬೇಕು ಅಂದುಕೊಂಡೆ. ಅಕ್ಕ ಹತ್ತಿರ ಬಂದು, "ಇವತ್ತ ಹೆಂಗಾಗೇತ್ರಿ?" ಅಂತ ಆಸೆಯಿಂದ ಕೇಳಿದರು. ಮುಖ ನೋಡಿ ಹೇಗೆ ಹೇಳಲಿ? "ಅಡ್ಡಿಲ್ಲೆ" ಅಂದೆ. ಮುಂದಿನ ತಿಂಗಳು ಎಣಗಾಯಿಗೆ ತೆಂಗಿನಕಾಯಿ ಬಿತ್ತು. ಅಡ್ಡಿಲ್ಲೆ ಅಂದೆ. ಆಮೇಲೆ ಬೆಲ್ಲ ಬಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ಕೂತು, ನೀರು ಕುಡಿದು, ಅಡ್ಡಿಲ್ಲೆ ಅಂದೆ. ಬೆಳ್ಳುಳ್ಳಿ ಮಾಯವಾಯಿತು. ಕೆಂಪು ಖಾರದ ಜಾಗದಲ್ಲಿ ಒಂದು ದಿನ ಬಿಳಿಚಿಕೊಂಡ ತಂಬುಳಿ ಬಂದು ಕೂತಿತು. ಜೋಳದ ರೊಟ್ಟಿಗೆ ತಂಬುಳಿ! ಅದರಲ್ಲಿ ಒಂದೆಲಗ ಇತ್ತೋ ಓಣಿಯ ಹುಲ್ಲಿತ್ತೋ ಇವತ್ತಿಗೂ ಗೊತ್ತಿಲ್ಲ. ಅಡ್ಡಿಲ್ಲೆ ಅಂದೆ.

ಅಂಗಡಿಯಲ್ಲಿ ಜನ ಕಡಿಮೆಯಾದದ್ದು ನನ್ನ ಕಣ್ಣಿಗೂ ಬಿತ್ತು. ಮೊದಲು ಅಲ್ಲಿ ಹಾನಗಲ್ಲು, ಹಾವೇರಿ ಕಡೆಯ ಡ್ರೈವರುಗಳು ಬಂದು ಉಳ್ಳಾಗಡ್ಡಿ ಗುದ್ದಿ ಒಡೆದು ತಿನ್ನುತ್ತಿದ್ದರು. ಅವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ತಂಬುಳಿ ಬೇಕಾದ ನಮ್ಮವರು ತಂಬುಳಿಗೆ ರೊಟ್ಟಿ ಖಾನಾವಳಿಗೆ ಯಾಕೆ ಬರುತ್ತಾರೆ? ನನಗೆ ಸಿಟ್ಟು ಬಂತು. ಬಾರ್ ರೂಮಿನಲ್ಲಿ ಭಾಷಣವನ್ನೇ ಮಾಡಿದೆ. "ಯಾರೋ ನಮ್ಮ ಊರಿನವರೇ ಹೋಗಿ ಆ ಹೆಂಗಸಿಗೆ ಖಾರ ಕಡಿಮೆ ಮಾಡಿ, ಬೆಲ್ಲ ಹಾಕಿ ಅಂತ ಬುದ್ಧಿ ಹೇಳಿದ್ದಾರೆ. ಬೇರೆಯವರ ಕೈರುಚಿ ಕೆಡಿಸುವುದೆಂದರೆ ನಮ್ಮವರಿಗೆ ಎಲ್ಲಿಲ್ಲದ ಉತ್ಸಾಹ. ಅಂಥವನು ನನ್ನ ಕೈಗೆ ಸಿಗಬೇಕು!" ಎಲ್ಲರೂ ತಲೆದೂಗಿದರು. ಆವತ್ತು ನಾನು ಕೋರ್ಟಿನಲ್ಲಿ ಯಾವತ್ತೂ ಮಾಡದಷ್ಟು ಚೆನ್ನಾಗಿ ವಾದ ಮಾಡಿದ್ದೆ.

ಅವನು ನನ್ನ ಕೈಗೆ ಸಿಕ್ಕಿದ್ದು ದೀಪಾವಳಿ ಕಳೆದು ಎರಡು ವಾರಕ್ಕೆ.

ಆ ದಿನ ಬೆಳಗಿನ ಕೇಸು ಮುಗಿಸಿ, ಮಧ್ಯಾಹ್ನದ ಮೂರು ಗಂಟೆಯ ಕೇಸಿಗೆ ಹೊತ್ತಿದೆ ಅಂತ ಖಾನಾವಳಿಗೆ ಹೋದೆ. ನಾನೊಬ್ಬನೇ ಗಿರಾಕಿ. ಮೂಲೆಯಲ್ಲಿ ಡಬ್ಬಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಇಟ್ಟಿದ್ದರು. ಅಕ್ಕ ಎರಡು ರೊಟ್ಟಿ ತಂದಿಟ್ಟು, ನಿಂತುಕೊಂಡೇ ಹೇಳಿದರು.

"ಇವತ್ತ ಕಡೀದ್ರಿ ವಕೀಲ್ರ. ಸಂಜಿಗೆ ನಮ್ಮ ಮನಿಯವರು ಚಾವಿ ಒಯ್ದು ಮಾಲಕರಿಗೆ ಕೊಡ್ತಾರ. ನಾವು ಊರಿಗೆ ಹೊಂಟೇವಿ."

"ಯಾಕೆ ಅಕ್ಕಾ?" ಅಂದೆ. ತುತ್ತು ಕೈಯಲ್ಲೇ ಉಳಿಯಿತು.

"ಈ ಊರ ಮಂದಿಗೆ ನನ್ನ ಅಡಗಿ ಸೇರಲಿಲ್ರಿ. ನಮ್ಮ ಕಡೆಯವರು ಚಲೋ ಐತಿ ಅಂತಾರ, ಅವರು ತಮ್ಮ ಅವ್ವನ್ನ ನೆನಸ್ಕೊಂಡು ಅಂತಾರ. ಅಂಗಡಿ ನಡೀಬೇಕಂದ್ರ ಇಲ್ಲಿಯವರ ಬಾಯಿಗೆ ಹತ್ತಬೇಕಲ್ರಿ? ಇಲ್ಲಿಯವರು ಅಂತ ಖಾಯಂ ಬರತಿದ್ದವರು ನೀವ ಒಬ್ರ. ನಿಮ್ಮನ್ನ ನೋಡಕೋತ ನಾನು ಖಾರಾ ಕಡಿಮಿ ಮಾಡಿದೆ, ಕಾಯಿ ಹಾಕಿದೆ, ಬೆಲ್ಲಾ ಹಾಕಿದೆ, ಮಗ್ಗಲಮನಿಯವರನ್ನ ಕೇಳಿ ತಂಬುಳಿ ಕಲ್ತೆ. ಏನ ಮಾಡಿದ್ರೂ ನಿಮ್ಮ ಬಾಯಾಗ ಒಂದ ಮಾತು. ಅಡ್ಡಿ ಇಲ್ಲ. ಅಡ್ಡಿ ಇಲ್ಲ ಅಂದ್ರ ಏನ್ರಿ, ಹಸದಾಂವ ತಿಂದಾನು ಅಂತ ಅಲ್ರೀ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಬಹುದು. ಇಲ್ಲಿ ಕುಂಬಳಕಾಯಿ ನನ್ನ ಹೆಗಲ ಮೇಲೆಯೇ ಇತ್ತು, ಆರು ತಿಂಗಳಿಂದ ಹೊತ್ತುಕೊಂಡು ಮೂರು ಊರು ತಿರುಗಿದ್ದೆ. ಬಾರ್ ರೂಮಿನ ಭಾಷಣ ನೆನಪಾಗಿ ಕಿವಿ ಬಿಸಿಯಾಯಿತು, ಈ ಸಲ ಖಾರವಿಲ್ಲದೆ.

"ಅಕ್ಕಾ, ನೀವು ತಪ್ಪು ತಿಳಿದಿರಿ. ನಮ್ಮ ಕಡೆ ಅಡ್ಡಿಲ್ಲೆ ಅಂದರೆ ಬಹಳ ಚೆನ್ನಾಗಿದೆ ಅಂತ ಅರ್ಥ."

ಅವರು ಸೆರಗಿಗೆ ಕೈ ಒರೆಸಿಕೊಂಡು ಎದುರಿನ ಬೆಂಚಿನ ಮೇಲೆ ಕೂತರು. "ಹಂಗಾರ ಚಲೋ ಆಗಲಿಲ್ಲಂದ್ರ ಏನಂತೀರಿ?"

"ಅದಕ್ಕೂ... ಅಡ್ಡಿಲ್ಲೆ ಅಂತೇವೆ."

"ಉಪ್ಪು ಜಾಸ್ತಿ ಬಿದ್ರ?"

"ಅಡ್ಡಿಲ್ಲೆ."

"ಹಳಸಿದ್ರ?"

"ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅಡ್ಡಿಲ್ಲೆ."

ಅವರು ನಗಲಿಲ್ಲ. "ಹೋದ ಮಂಗಳವಾರ ಎಣಗಾಯಿ ತಿಂದು ಅಡ್ಡಿ ಇಲ್ಲ ಅಂದ್ರಿ. ಅದು ಯಾವ್ದು? ಚಲೋದೋ, ಹಳಸಿದ್ದೋ?"

ನಾನು ಅಂಗಡಿಯ ಗೋಡೆ ನೋಡಿದೆ. ಹಾಗಲ್ಲ ಅಕ್ಕಾ, ಅದು ಸಂದರ್ಭದ ಮೇಲೆ ಹೋಗುತ್ತದೆ, ಹೇಳುವ ಧಾಟಿಯ ಮೇಲೆ ಹೋಗುತ್ತದೆ ಅಂತ ಸುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಇಪ್ಪತ್ತೇಳು ವರ್ಷದಿಂದ ಸಾಕ್ಷಿ ಕಟ್ಟೆಯಲ್ಲಿ ನಿಂತ ಬಡಪಾಯಿಗಳಿಗೆ ನಾನು ಹೇಳುತ್ತ ಬಂದ ಮಾತು ಇದು. ಅದು ಎದುರಿನಿಂದ ಬಂದಾಗ ಹೇಗಿರುತ್ತದೆ ಎಂಬುದು ಆವತ್ತು ತಿಳಿಯಿತು.

"ಅದು ಚೆನ್ನಾಗಿರಲಿಲ್ಲ" ಅಂದೆ. "ಬೆಲ್ಲ ಹಾಕಿದ್ದು ಸರಿಯಲ್ಲ. ಕಾಯಿ ಹಾಕಿದ್ದೂ ಸರಿಯಲ್ಲ. ತಂಬುಳಿಯಂತೂ ದೇವರಿಗೇ ಪ್ರೀತಿ. ಆದರೆ ಮೊದಲು ನೀವು ಮಾಡುತ್ತಿದ್ದದ್ದು ಉಂಟಲ್ಲ, ಅಂಥ ಊಟ ನಾನು ಮೂರು ತಾಲೂಕಿನಲ್ಲಿ ಎಲ್ಲೂ ಮಾಡಿಲ್ಲ. ಅದಕ್ಕೇ ವಾರಕ್ಕೆ ಮೂರು ಸಲ ಬರುತ್ತಿದ್ದದ್ದು."

ಹೇಳಿ ಮುಗಿಸುವಷ್ಟರಲ್ಲಿ ಬೆವರಿದ್ದೆ. ಇಷ್ಟು ಉದ್ದದ ಹೊಗಳಿಕೆ ನನ್ನ ಬಾಯಿಂದ ಹೊರಗೆ ಬಂದದ್ದು ನನಗೇ ನೆನಪಿಲ್ಲ. ಅಕ್ಕ ಮಾತ್ರ ನನ್ನ ಮುಖವನ್ನು ಹಾಗೇ ನೋಡಿ, "ಬಿಡ್ರಿ, ಹೋಗೋ ಹೊತ್ತಿಗೆ ಎಲ್ಲಾರೂ ಚಲೋ ಮಾತ ಆಡ್ತಾರ" ಅಂದು ಎದ್ದರು.

ಅವರು ನಂಬಲಿಲ್ಲ. ಯಾಕೆ ನಂಬಬೇಕು? ಒಂದೇ ಶಬ್ದದಲ್ಲಿ ಆರು ತಿಂಗಳು ತಪ್ಪಿಸಿಕೊಂಡ ಮನುಷ್ಯ ಈಗ ನಾಲ್ಕು ಮಾತು ಹೆಚ್ಚು ಆಡಿದರೆ ಅದು ಇನ್ನೊಂದು ಬಗೆಯ ಮರ್ಯಾದೆಯೇ ಅಲ್ಲವೇ? ನನಗೆ ನಿಜಕ್ಕೂ ದುಃಖವಾಯಿತು. ಒಬ್ಬ ಹೆಂಗಸು ತನಗೆ ಬರುವ ವಿದ್ಯೆಯನ್ನು ನನ್ನ ಮುಖ ನೋಡಿಕೊಂಡು ಒಂದೊಂದೇ ಚಮಚ ಕಳೆದುಕೊಂಡಿದ್ದರು, ನಾನು ಎದುರಿಗೆ ಕೂತು ಚಪ್ಪರಿಸಿದ್ದೆ.

"ಒಮ್ಮೆ ಮೊದಲಿನ ಹಾಗೆ ಮಾಡಿ ಅಕ್ಕಾ" ಅಂದೆ. "ಹೋಗುವ ಮುಂಚೆ ಒಂದು ಸಲ."

ಮಾಡುವುದಿಲ್ಲ ಅಂದುಕೊಂಡಿದ್ದೆ. ಏನನಿಸಿತೋ, ಪೆಟ್ಟಿಗೆ ಬಿಚ್ಚಿ ಡಬ್ಬ ಹೊರಗೆ ತೆಗೆದರು. ಶೇಂಗಾ ಹುರಿದರು, ಎಳ್ಳು ಹುರಿದರು, ಬೆಳ್ಳುಳ್ಳಿ ಜಜ್ಜಿದರು. ಓಣಿಯಲ್ಲಿ ಹೋಗುವವನೊಬ್ಬ ಸೀನಿದ. ಗಡಿಯಾರದಲ್ಲಿ ಎರಡೂವರೆ ಆಯಿತು. ನನ್ನ ಕೇಸು, ನನ್ನ ಕಕ್ಷಿದಾರ, ಕಕ್ಷಿದಾರನ ಅಣ್ಣ, ಎಲ್ಲರೂ ಕೋರ್ಟಿನ ಜಗಲಿಯಲ್ಲಿ ಕಾಯುತ್ತಿರುತ್ತಾರೆ ಎಂಬ ನೆನಪು ಬಂದು ಹೋಯಿತು.

ತಟ್ಟೆ ಬಂತು. ಬಿಸಿ ರೊಟ್ಟಿ ಮುರಿದು ಎಣಗಾಯಿ ಅದ್ದಿ ಬಾಯಿಗಿಟ್ಟೆ. ಖಾರವಿತ್ತು. ಹುಳಿಯಿತ್ತು. ಆದರೆ ಆ ಮೊದಲ ದಿನದ್ದು ಅದಲ್ಲ. ನನಗೆ ಹೆಸರು ಸಿಗದ ಆ ರುಚಿ ಅದರಲ್ಲಿರಲಿಲ್ಲ, ಹಿಂದೆಲ್ಲೋ ಒಂದು ಸಿಹಿ ಉಳಿದುಕೊಂಡಿತ್ತು. ಇಷ್ಟು ದಿನದ ರೂಢಿಯಲ್ಲಿ ಕೈ ತಾನಾಗಿಯೇ ಬೆಲ್ಲದ ಡಬ್ಬಕ್ಕೆ ಹೋಗಿರಬೇಕು.

ಅಕ್ಕ ಎದುರು ನಿಂತಿದ್ದರು. "ಹೆಂಗಾಗೇತ್ರಿ?"

ಈಗ "ಚೊಲೋ ಇದ್ದು" ಅಂದರೆ ಎಲ್ಲರಿಗೂ ಸುಖ. ಅವರು ಸಮಾಧಾನದಿಂದ ಊರಿಗೆ ಹೋಗುತ್ತಾರೆ, ನಾನು ಮೂರು ಗಂಟೆಗೆ ಕೋರ್ಟಿನಲ್ಲಿರುತ್ತೇನೆ. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು. ಹೋದ ವಾರದ್ದನ್ನು ಹೇಳುವುದು ಬೇರೆ, ಎದುರಿಗಿಟ್ಟ ತಟ್ಟೆಯನ್ನು ಹುಟ್ಟಿದಾಗಿನಿಂದ ಯಾರ ಮುಖಕ್ಕೂ ನಾನು ಚೆನ್ನಾಗಿಲ್ಲ ಅಂದವನಲ್ಲ, ಅದಕ್ಕೆ ನನ್ನಲ್ಲಿ ಧೈರ್ಯವಿಲ್ಲ. ತುತ್ತು ನುಂಗಿದೆ.

"ಚೆನ್ನಾಗಿಲ್ಲ ಅಕ್ಕಾ" ಅಂದೆ. "ಸಿಹಿ ಬಿದ್ದಿದೆ. ಮತ್ತೆ ಏನೋ ಒಂದು ಬಿಟ್ಟುಹೋಗಿದೆ. ಮೊದಲಿನದು ಇದಲ್ಲ."

ಅವರು ಬೆರಳಲ್ಲಿ ಸ್ವಲ್ಪ ತೆಗೆದು ತಾವೇ ನೆಕ್ಕಿ ನೋಡಿದರು. ಕಣ್ಣು ಮುಚ್ಚಿ ಯೋಚಿಸಿದರು. "ಗುರೆಳ್ಳು" ಅಂದರು ತಮ್ಮಷ್ಟಕ್ಕೆ. "ಗುರೆಳ್ಳ ಮರತೆ."

ನನ್ನ ಮುಂದಿನ ತಟ್ಟೆಯನ್ನು ಎಳೆದುಕೊಂಡು ಒಳಗೆ ಒಯ್ದರು. "ಕುಂದರ್ರಿ, ಏಳಬ್ಯಾಡ್ರಿ" ಅಂತ ಅಲ್ಲಿಂದಲೇ ಗದರಿದರು. ಬಾಣಲೆ ಮತ್ತೆ ಒಲೆಯ ಮೇಲೆ ಕೂತ ಸದ್ದಾಯಿತು. ಆಮೇಲೆ ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಹಿಟ್ಟು ನಾದುತ್ತ, ಗಂಡನಿಗೆ ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಚಾವಿ ಇವತ್ತ ಕೊಡಬ್ಯಾಡ್ರಿ. ವಕೀಲ್ರು ಅಡಗಿ ಚಲೋ ಆಗಿಲ್ಲ ಅಂದಾರ."